‘ಅಥವಾ ಸಮಾನ ಗುಣಮಟ್ಟದ್ದು’: ಕೊಪ್ಪಳದ ಒಂದು ಅಡುಗೆಮನೆಯ ಪ್ರಕರಣ

ಈ ಪ್ರಕರಣ ನಡೆದದ್ದು ಕೊಪ್ಪಳ ನಗರದ ಒಂದು ಹಳೆಯ ಬಡಾವಣೆಯಲ್ಲಿ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಓಣಿ, ಅಂಗಡಿ, ಪ್ಲೈವುಡ್ಡಿನ ಕಂಪನಿ ಯಾವುದನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹಣದ ಲೆಕ್ಕ ಮತ್ತು ಘಟನೆಗಳ ಕ್ರಮ ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ. ನಾನು ಪಾಲಿಟೆಕ್ನಿಕ್ಕಿನ ಸಿವಿಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು. ಮನೆ ಕಟ್ಟಿಸುವವರು, ರಿಪೇರಿ ಮಾಡಿಸುವವರು ಆಗಾಗ ಬಂದು ಕರೆಯುತ್ತಾರೆ, ಹೋಗಿ ನೋಡಿ ತಿಳಿದಷ್ಟು ಹೇಳಿ ಬರುತ್ತೇನೆ. ಈ ಮನೆಗೆ ನಾನು ಹೋಗುವ ಹೊತ್ತಿಗೆ ಜಗಳ ಆಗಲೇ ಎಂಟು ದಿನ ಹಳೆಯದಾಗಿತ್ತು.

ಮನೆ ಮತ್ತು ಕೊಟೇಶನ್

ಮನೆಯ ಯಜಮಾನರು ನಿವೃತ್ತ ಶಿಕ್ಷಕರು. ಓಣಿಯವರೆಲ್ಲ ಮಾಸ್ತರರು ಎನ್ನುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಕಲ್ಲಿನ ಗೋಡೆಯ ಹಳೆಯ ಮನೆ. ಅಡುಗೆಮನೆಯಲ್ಲಿ ಶಹಾಬಾದ್ ಪರ್ಸಿ ಹಾಸಿದ ಕಟ್ಟೆ, ಅದರ ಕೆಳಗೆ ಪರದೆ ಕಟ್ಟಿ ಪಾತ್ರೆ, ಹಿಟ್ಟಿನ ಡಬ್ಬಿ, ಸಿಲಿಂಡರ್ ಇಟ್ಟುಕೊಂಡಿದ್ದರು. ಮಾಸ್ತರರ ಪತ್ನಿಗೆ ಮೊಣಕಾಲು ನೋವು ಹೆಚ್ಚಾಗಿ, ಬಗ್ಗಿ ಎದ್ದು ಸಾಮಾನು ತೆಗೆಯುವುದು ಕಷ್ಟವಾದ ಮೇಲೆ, ಬೆಂಗಳೂರಿನಲ್ಲಿರುವ ಮಗ ಅಡುಗೆಮನೆಯನ್ನು ಹೊಸದಾಗಿ ಮಾಡಿಸೋಣವೆಂದು ಒತ್ತಾಯಿಸಿದ. ದೀಪಾವಳಿ ಮುಗಿದ ವಾರದಲ್ಲಿ ಪರಿಚಯದವರೊಬ್ಬರ ಮೂಲಕ ಒಬ್ಬ ಗುತ್ತಿಗೆದಾರರು ಬಂದು ಅಳತೆ ತೆಗೆದುಕೊಂಡರು. ಸಾಮಾನು, ಕೂಲಿ ಎರಡೂ ಸೇರಿ ₹2,40,000 ಎಂದು ಮಾತಾಯಿತು. ಆರಂಭಕ್ಕೆ ₹96,000, ಪೆಟ್ಟಿಗೆಗಳೆಲ್ಲ ನಿಂತ ಮೇಲೆ ₹84,000, ಕೆಲಸ ಮುಗಿದ ಮೇಲೆ ₹60,000 ಕೊಡುವುದೆಂದು ಗೊತ್ತಾಯಿತು.

ಕೊಟೇಶನ್ ಒಂದೇ ಹಾಳೆಯದು. ಅದರ ಮೂರನೆಯ ಸಾಲಿನಲ್ಲಿ ‘18 ಎಂಎಂ 710 ಮರೀನ್ ಪ್ಲೈ ಅಥವಾ ಸಮಾನ ಗುಣಮಟ್ಟದ್ದು’ ಎಂದಿತ್ತು. ಮಾಸ್ತರರು ಆ ಸಾಲನ್ನು ಓದಿ, 710 ಎಂದರೆ ಏನೆಂದು ಕೇಳಿ, ನೀರಿಗೆ ಏನೂ ಆಗದ ಪ್ಲೈ ಎಂಬ ಉತ್ತರ ಪಡೆದು ಸಹಿ ಮಾಡಿದ್ದರು. ‘ಅಥವಾ’ದ ಬಗ್ಗೆ ಅವರು ಕೇಳಲಿಲ್ಲ. ಕೇಳಬೇಕೆಂದು ಯಾರಿಗಾದರೂ ಹೊಳೆಯುವ ಮಾತೂ ಅದಲ್ಲ.

ಇಲ್ಲಿ ಪ್ಲೈವುಡ್ಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಪ್ಲೈ ಎಂದರೆ ಮರದ ತೆಳುವಾದ ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಇಟ್ಟು, ಅಂಟು ಹಾಕಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಮರ ಎಷ್ಟೇ ಒಳ್ಳೆಯದಿದ್ದರೂ ನೀರು ತಾಗಿದಾಗ ಹಲಗೆಯನ್ನು ಹಿಡಿದಿಡುವುದು ಅಂಟು. ಪೇಟೆಯಲ್ಲಿ ‘ಕಮರ್ಷಿಯಲ್’ ಎಂದು ಮಾರುವ ಎಂಆರ್ ದರ್ಜೆಯಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಅದು ಹವೆಯ ತೇವವನ್ನು ತಡೆಯುತ್ತದೆ, ನಿಂತ ನೀರನ್ನು ತಡೆಯುವುದಿಲ್ಲ. ಮರೀನ್ ದರ್ಜೆಯಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ, ಇದು ಕುದಿಯುವ ನೀರಿಗೂ ಬಿಡುವುದಿಲ್ಲ. ಮರೀನ್ ಪ್ಲೈಗೆ ಭಾರತೀಯ ಮಾನಕ ಸಂಖ್ಯೆ ಐಎಸ್ 710, ಅಂಗಡಿಯವರು ‘ಸೆವೆನ್ ಟೆನ್’ ಎನ್ನುವುದು ಇದನ್ನೇ. ಸಾಮಾನ್ಯ ಬಳಕೆಯ ಪ್ಲೈಗೆ ಐಎಸ್ 303. ಎರಡರ ಮೇಲೆಯೂ ಐಎಸ್‌ಐ ಗುರುತು ಇರಬಹುದು, ಎರಡೂ ಪ್ರಾಮಾಣಿಕವಾಗಿ ತಯಾರಾದ ಮಾಲೇ ಆಗಿರಬಹುದು. ಸನ್‌ಮೈಕಾ ಅಂಟಿಸಿದ ಮೇಲೆ ಇವೆರಡನ್ನು ಕಣ್ಣಿನಿಂದ ಬೇರೆ ಮಾಡುವುದು ಆಗದ ಮಾತು.

ನವೆಂಬರ್ ಮಧ್ಯದಲ್ಲಿ ಪ್ಲೈ ಶೀಟುಗಳು ಟಾಟಾ ಏಸ್ ಗಾಡಿಯಲ್ಲಿ ಬಂದು ಅಂಗಳದಲ್ಲಿ ಇಳಿದವು. 18 ಎಂಎಂ ದಪ್ಪದವು 14 ಶೀಟು, ಹಿಂಬದಿಗೆ ಹಾಕಲು ತೆಳ್ಳನೆಯವು ನಾಲ್ಕು. ಮಾಸ್ತರರು ಹೊರಗೆ ಬಂದು ನೋಡಿ, ಮೇಲಿನ ಶೀಟಿನ ಮೇಲೆ ಐಎಸ್‌ಐ ಗುರುತು ಕಂಡು ಸಮಾಧಾನಪಟ್ಟು, ಮಗನಿಗೆ ತೋರಿಸಲೆಂದು ಒಂದು ಫೋಟೊ ತೆಗೆದು ಕಳಿಸಿದರು. ಗುರುತನ್ನು ನೋಡಿದರು, ಅದರ ಮೇಲೆ ಬರೆದಿದ್ದ ಸಂಖ್ಯೆಯನ್ನು ಓದಲಿಲ್ಲ. ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗವಾಗಿ ತಪ್ಪು ಸರಿಯಾಗಬಹುದಾಗಿದ್ದ ಗಳಿಗೆ ಅದೇ. ಗಾಡಿ ಇನ್ನೂ ಬಾಗಿಲಲ್ಲಿತ್ತು, ಒಂದು ಹಲಗೆಯನ್ನೂ ಕೊಯ್ದಿರಲಿಲ್ಲ.

ಹರವಿಯ ಕೆಳಗಿನ ತುಂಡು

ಡಿಸೆಂಬರ್ ಮೂರನೆಯ ವಾರದ ಹೊತ್ತಿಗೆ ಪೆಟ್ಟಿಗೆಗಳು ನಿಂತು, ಎರಡನೆಯ ಕಂತು ಸಂದಾಯವಾಗಿ, ಸನ್‌ಮೈಕಾ ಅಂಟಿಸುವ ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಜನವರಿಯಲ್ಲಿ ಗವಿಮಠದ ಜಾತ್ರೆ. ಆ ಹೊತ್ತಿಗೆ ನೆಂಟರಿಷ್ಟರು ಬಂದು ತುಂಬುವ ಮನೆ ಅದು, ಜಾತ್ರೆಯ ಮಹಾದಾಸೋಹಕ್ಕೆ ಪ್ರತಿವರ್ಷ ಜೋಳದ ರೊಟ್ಟಿ ಮಾಡಿ ಕಳಿಸುವ ಮನೆ. ಹಾಗಾಗಿ ಜಾತ್ರೆಯೊಳಗೆ ಮುಗಿಸಿಕೊಡಿ ಎಂದು ಮನೆಯವರೇ ದಿನಾ ಅವಸರ ಮಾಡುತ್ತಿದ್ದರು.

ಸಿಂಕಿನ ಪೈಪಿಗಾಗಿ ಕೊರೆದಾಗ ಉಳಿದ ಅಂಗೈ ಅಗಲದ ಎರಡು ಪ್ಲೈ ತುಂಡುಗಳಲ್ಲಿ ಒಂದನ್ನು ಮಾಸ್ತರರ ಪತ್ನಿ ಪಡಸಾಲೆಯಲ್ಲಿದ್ದ ನೀರಿನ ಹರವಿ ಅಲುಗಾಡದಿರಲೆಂದು ಸಿಂಬಿಯ ಕೆಳಗೆ ಒತ್ತು ಕೊಟ್ಟಿದ್ದರು. ಹೊಸ ಮಣ್ಣಿನ ಹರವಿ ಜಿನುಗುವುದು ಸಹಜ. ಆರನೆಯ ದಿನ ಹರವಿ ತೊಳೆಯಲೆಂದು ಎತ್ತಿದಾಗ ಆ ತುಂಡು ನೀರು ಕುಡಿದು, ಅಂಚಿನಲ್ಲಿ ಒಂದೂವರೆ ಪಟ್ಟು ಉಬ್ಬಿ, ಮಳೆಯಲ್ಲಿ ನೆನೆದ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಬೆರಳಿನಿಂದ ಎಳೆದರೆ ಒಂದೊಂದು ಪದರವೂ ಕೈಗೆ ಬರುತ್ತಿತ್ತು. ಅವರು ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಬಡಿಗೇರರಿಗೆ ತೋರಿಸಿ, ‘ಇದು ನೀರಿಗೆ ಏನೂ ಆಗಂಗಿಲ್ಲ ಅಂದಿದ್ರೆಲ್ಲಪಾ, ಇದೇನಿದು?’ ಎಂದು ಕೇಳಿದರು. ಬಡಿಗೇರರು ತುಂಡನ್ನು ತಿರುಗಿಸಿ ನೋಡಿ, ‘ನಾ ತಂದ ಮಾಲಲ್ರಿ ಅಮ್ಮಾ, ಅವರು ಕೊಟ್ಟಿದ್ದು ಕೊಯ್ದೀನ್ರಿ’ ಎಂದಷ್ಟೇ ಹೇಳಿ ಸುಮ್ಮನಾದರು.

ಆ ಉತ್ತರದಲ್ಲಿ ಎಲ್ಲವೂ ಇತ್ತು. ಮಾಲು ಬೇರೆಯದೆಂದು ಅವರಿಗೆ ಗೊತ್ತಿತ್ತು. ಮೂವತ್ತು ವರ್ಷ ಮರ ಕೊಯ್ದ ಕೈಗೆ ಗರಗಸದ ಸದ್ದಿನಲ್ಲೇ ಅದು ಗೊತ್ತಾಗುತ್ತದೆ. ಆದರೆ ಹೇಳಬೇಕಾದ ಹೊಣೆ ತಮ್ಮದೆಂದು ಅವರಿಗೆ ಅನಿಸಿರಲಿಲ್ಲ. ಕೂಲಿ ಕೊಡುವವರು ಗುತ್ತಿಗೆದಾರರು, ಮನೆಯವರಲ್ಲ.

ಕೆಟ್ಟುಹೋದ ಎಂಟು ದಿನ

ಮಾಸ್ತರರು ಅದೇ ಸಂಜೆ ಗುತ್ತಿಗೆದಾರರಿಗೆ ಫೋನು ಮಾಡಿ ಸಿಟ್ಟಿನಲ್ಲಿ ಮಾತನಾಡಿದರು. ಗುತ್ತಿಗೆದಾರರು ಒಂದರ ಹಿಂದೆ ಒಂದರಂತೆ ಮೂರು ಉತ್ತರ ಕೊಟ್ಟರು. ಆ ತುಂಡು ಬೇರೆ ಮನೆಯಿಂದ ಬಡಿಗೇರರ ಚೀಲದಲ್ಲಿ ಬಂದದ್ದಿರಬೇಕು ಎಂಬುದು ಮೊದಲನೆಯದು. ನಮ್ಮ ಕಡೆ ಒಣ ಹವೆ, ಕರಾವಳಿಯ ಹಾಗಲ್ಲ, ಯಾವ ಪ್ಲೈ ಹಾಕಿದರೂ ನಡೆಯುತ್ತದೆ ಎಂಬುದು ಎರಡನೆಯದು. ಮೂರನೆಯದು ಮಾಸ್ತರರ ಬಾಯಿ ಕಟ್ಟಿಸಿತು: ‘ಬ್ಯಾರೆ ಕಂಪನಿದು ಹಾಕ್ಲೇನ್ರಿ ಅಂತ ಕೇಳಿದ್ದೆ ಸರ, ನೀವ ಹೂಂ ಅಂದಿದ್ರಿ.’ ಅದು ನಿಜವಾಗಿತ್ತು. ನವೆಂಬರ್ ಮೊದಲ ವಾರದಲ್ಲಿ ಅಂಥದೊಂದು ಫೋನು ಬಂದಿತ್ತು, ಮಾಸ್ತರರು ಯಾವುದೋ ಮದುವೆಯಲ್ಲಿದ್ದರು, ನೋಡಿ ಹಾಕ್ರಿ ಎಂದಿದ್ದರು.

ಮರುದಿನ ಮಗ ಬೆಂಗಳೂರಿನಿಂದ ಫೋನಿನಲ್ಲಿ ಗುತ್ತಿಗೆದಾರರಿಗೆ ಬೈದು, ಪೊಲೀಸರಿಗೆ ದೂರು ಕೊಡುವುದಾಗಿಯೂ ಫೋಟೊ ಸಮೇತ ಫೇಸ್‌ಬುಕ್ಕಿನಲ್ಲಿ ಹಾಕುವುದಾಗಿಯೂ ಹೇಳಿದ. ಅಂದಿನಿಂದ ಗುತ್ತಿಗೆದಾರರು ಫೋನು ಎತ್ತುವುದನ್ನು ನಿಲ್ಲಿಸಿದರು. ಬಡಿಗೇರರೂ ಬರಲಿಲ್ಲ. ಅರ್ಧ ಸನ್‌ಮೈಕಾ ಅಂಟಿದ ಪೆಟ್ಟಿಗೆಗಳು, ಜೋಡಿಸದ ಸಿಂಕು, ಪಡಸಾಲೆಯಲ್ಲಿ ಇಟ್ಟ ಒಲೆ, ಎದುರಿಗೆ ಜಾತ್ರೆ. ಮಾಸ್ತರರು ನನ್ನನ್ನು ಕರೆಸಿದ್ದು ಈ ಸ್ಥಿತಿಯಲ್ಲಿ, ಕೇಳಿದ್ದು ಒಂದೇ ಪ್ರಶ್ನೆ: ಎಲ್ಲ ಕಿತ್ತು ಹೊರಗೆ ಹಾಕಿಸಲೇ?

ಬೇಡವೆಂದೆ. ಆ ಹೊತ್ತಿಗೆ ನನಗೆ ಪ್ಲೈ ಯಾವುದೆಂಬುದು ಖಚಿತವಿರಲಿಲ್ಲ, ಆದರೆ ಕಿತ್ತರೆ ಸಾಕ್ಷ್ಯವೂ ಹೋಗುತ್ತದೆ, ಗುತ್ತಿಗೆದಾರರಿಗೆ ‘ನೀವೇ ಕೆಡಿಸಿದಿರಿ’ ಎನ್ನುವ ಅವಕಾಶವೂ ಸಿಗುತ್ತದೆ ಎಂಬುದು ಖಚಿತವಿತ್ತು. ಮಾಸ್ತರರ ಕೈಯಲ್ಲಿ ಕೊಡದೆ ಉಳಿದ ₹60,000 ಇತ್ತು. ಅದು ಇರುವವರೆಗೆ ಗುತ್ತಿಗೆದಾರರು ಮಾತಿಗೆ ಬಂದೇ ಬರುತ್ತಾರೆ, ಬರುವಂಥ ದಾರಿಯನ್ನು ನಾವು ತೆರೆದಿಡಬೇಕು, ಅಷ್ಟೇ.

ಮೊದಲು ಕೊಟೇಶನ್ ತರಿಸಿ ಓದಿದೆ. ನಂತರ ಮಗನ ಫೋನಿನಿಂದ ನವೆಂಬರಿನ ಆ ಫೋಟೊ ತರಿಸಿಕೊಂಡು ದೊಡ್ಡದು ಮಾಡಿ ನೋಡಿದೆವು. ಗುರುತಿನ ಮೇಲೆ 303 ಎಂದು ಸ್ಪಷ್ಟವಾಗಿತ್ತು, ಪಕ್ಕದಲ್ಲಿ ಎಂಆರ್ ಎಂಬ ಅಕ್ಷರಗಳು. ಕೆಳಗೆ ಸಿಎಂ/ಎಲ್‌ನಿಂದ ಶುರುವಾಗುವ ಪರವಾನಗಿ ಸಂಖ್ಯೆಯೂ ಇತ್ತು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಅದನ್ನು ಹಾಕಿ ನೋಡಿದಾಗ ಪರವಾನಗಿ ನಿಜವಾದದ್ದೇ ಎಂದು ತಿಳಿಯಿತು. ಮಾಲು ನಕಲಿಯಲ್ಲ, ಈ ಜಾಗಕ್ಕೆ ತಕ್ಕದ್ದಲ್ಲ, ಅಷ್ಟೇ ವ್ಯತ್ಯಾಸ. ಮಾಸ್ತರರು ಆ ಫೋಟೊವನ್ನು ಬಹಳ ಹೊತ್ತು ನೋಡುತ್ತ ಕೂತರು. ಅದನ್ನು ತೆಗೆದವರು ಅವರೇ.

ಆದರೂ ಫೋಟೊದಲ್ಲಿ ಕಾಣುವುದು ಮೇಲಿನ ಒಂದು ಶೀಟು ಮಾತ್ರ. ಅದು ಲಾಫ್ಟಿಗೆ ತಂದದ್ದು, ಕೆಳಗಿನವು 710 ಎಂದು ಹೇಳಿದರೆ ಉತ್ತರವಿರಲಿಲ್ಲ.

ನಾವು ಒಂದು ಪತ್ರ ಬರೆದೆವು. ಅದರಲ್ಲಿ ಬೈಗುಳವಿಲ್ಲ, ಮೋಸ ಎಂಬ ಪದವೂ ಇಲ್ಲ. ಕೊಟೇಶನ್ನಿನಲ್ಲಿ ಏನು ಬರೆದಿದೆ, ಅಂಗಳದಲ್ಲಿ ಇಳಿದ ಶೀಟಿನ ಮೇಲೆ ಏನಿತ್ತು, ಹರವಿಯ ಕೆಳಗಿನ ತುಂಡಿಗೆ ಏನಾಯಿತು ಎಂಬ ಮೂರು ಸಂಗತಿಗಳು. ಇಂಥ ದಿನ ಇಂಥ ಹೊತ್ತಿಗೆ ನಿಮ್ಮ ಎದುರಿಗೇ ಪೆಟ್ಟಿಗೆಯ ಹಲಗೆಯನ್ನು ಪರೀಕ್ಷಿಸುತ್ತೇವೆ, ಯಾವ ಹಲಗೆ ಎಂಬುದನ್ನು ನೀವೇ ಆರಿಸಿ, ಹಲಗೆ ಸರಿಯಿದ್ದರೆ ಉಳಿದ ಹಣವನ್ನು ಅಂದೇ ಕೊಡುತ್ತೇವೆ ಎಂಬ ಒಂದು ಕೋರಿಕೆ. ಫೋಟೊಗಳನ್ನು ಲಗತ್ತಿಸಿ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ, ಅದರ ಪ್ರತಿಯನ್ನು ವಾಟ್ಸ್ಆ್ಯಪಿನಲ್ಲಿಯೂ ಹಾಕಿದೆವು. ಮಗನಿಗೆ ಇದು ಸೇರಲಿಲ್ಲ, ಹೆದರಿ ಬಗ್ಗಿದಂತೆ ಕಾಣುತ್ತದೆ ಎಂದ. ಆದರೆ ‘ಹಲಗೆಯನ್ನು ನೀವೇ ಆರಿಸಿ’ ಎಂಬ ಮಾತೇ ಗುತ್ತಿಗೆದಾರರನ್ನು ಬರುವಂತೆ ಮಾಡಿತೆಂದು ನಾನು ಇಂದಿಗೂ ನಂಬಿದ್ದೇನೆ. ತಪ್ಪಿತಸ್ಥ ಎಂದು ಕರೆದರೆ ಬಾರದಿದ್ದವರು, ಬಂದು ನೋಡಿ ಎಂದಾಗ ಬಂದರು.

ಅದೇ ವಾರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿಸಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಪಾವತಿಸಿದ ಮೊತ್ತ ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದ ಅವಧಿಯಿದೆ ಎಂಬುದು ಮನೆಯವರಿಗೆ ಗೊತ್ತಿರಬೇಕಿತ್ತು. ಅದು ಗೊತ್ತಾದ ಮೇಲೆ ಮಾಸ್ತರರ ಮಾತಿನ ಧಾಟಿಯೇ ಬದಲಾಯಿತು. ಇದೇ ಕೊನೆಯ ಅವಕಾಶ ಎಂಬ ಗಾಬರಿ ಹೋಯಿತು.

ಒಲೆಯ ಮೇಲಿನ ಪರೀಕ್ಷೆ

ಗುತ್ತಿಗೆದಾರರು ಜನವರಿ ಮೊದಲ ವಾರದಲ್ಲಿ ಬಡಿಗೇರರನ್ನೂ ಕರೆದುಕೊಂಡು ಬಂದರು. ಸಿಂಕಿನ ಕೆಳಗಿನ ಪೆಟ್ಟಿಗೆಯ ನಡುವಿನ ಹಲಗೆಯನ್ನು ಅವರೇ ತೋರಿಸಿದರು. ಬಡಿಗೇರರು ಸ್ಕ್ರೂ ಬಿಚ್ಚಿ ಅದರ ಅಂಚಿನಿಂದ ನಾಲ್ಕು ಇಂಚಿನ ಪಟ್ಟಿ ಕೊಯ್ದರು. ಹೋಲಿಕೆಗೆಂದು ನಾನು ಹೊಸಪೇಟೆಯ ಅಂಗಡಿಯೊಂದರಿಂದ 710 ಗುರುತಿದ್ದ ಶೀಟಿನ ಒಂದು ತುಂಡನ್ನು ಕೇಳಿ ತಂದಿದ್ದೆ. ಎರಡರ ಮೇಲೂ ಮೊಳೆಯಿಂದ ಗುರುತು ಗೀಚಿ, ಪಡಸಾಲೆಯ ಒಲೆಯ ಮೇಲೆ ಒಂದೇ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ, ಮೇಲೆ ತೇಲದಂತೆ ಒಳಕಲ್ಲಿನ ಗುಂಡನ್ನು ಹೇರಿ ಕುದಿಯಲು ಇಟ್ಟೆವು.

ಇದು ಪ್ರಯೋಗಾಲಯದ ಪರೀಕ್ಷೆಯಲ್ಲ ಎಂದು ಎಲ್ಲರಿಗೂ ಮೊದಲೇ ಹೇಳಿದೆ. ಮರೀನ್ ಪ್ಲೈಯನ್ನು ಮಾನಕದ ಪ್ರಕಾರ 72 ಗಂಟೆ ಕುದಿಸಿ ಆಮೇಲೆ ಅಂಟಿನ ಹಿಡಿತ ನೋಡುತ್ತಾರೆ. ಮನೆಯ ಒಲೆಯ ಮೇಲೆ ಎರಡು ಗಂಟೆ ಕುದಿಸಿ ‘ಇದು 710 ಹೌದು’ ಎಂದು ಹೇಳಲು ಬರುವುದಿಲ್ಲ. ಆದರೆ ಎರಡು ಗಂಟೆಯೊಳಗೆ ಪದರ ಬಿಟ್ಟುಕೊಂಡರೆ ‘ಇದು 710 ಅಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಗ್ರಾಹಕ ಆಯೋಗಕ್ಕೆ ಹೋದರೆ ಅಲ್ಲಿ ಮಾದರಿಯನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳಿಸುವ ಅವಕಾಶ ಕಾಯ್ದೆಯಲ್ಲಿಯೇ ಇದೆ, ಅದಕ್ಕಾಗಿ ಹಲಗೆಯ ಉಳಿದ ಭಾಗವನ್ನು ಎಲ್ಲರೂ ಸಹಿ ಮಾಡಿದ ಕಾಗದದಲ್ಲಿ ಸುತ್ತಿ ಬೇರೆ ಇಟ್ಟೆವು.

ಅರ್ಧ ಗಂಟೆಗೆ ಏನೂ ಕಾಣಲಿಲ್ಲ. ಗುತ್ತಿಗೆದಾರರು ಚಹಾ ಕುಡಿದು, ಬೇರೆ ಕಡೆಯ ಕೆಲಸದ ಫೋನುಗಳನ್ನು ಮುಗಿಸಿದರು. ಮುಕ್ಕಾಲು ಗಂಟೆಗೆ ನೀರು ಮಬ್ಬಾಯಿತು. ಒಂದೂಕಾಲು ಗಂಟೆಗೆ ಮಾಸ್ತರರ ಪತ್ನಿ ಇಕ್ಕಳದಿಂದ ಪಟ್ಟಿಯನ್ನು ಎತ್ತಿದಾಗ ಸನ್‌ಮೈಕಾ ಒಂದು ಕಡೆ ಬಾಗಿ, ಮೇಲಿನ ಎರಡು ಪದರ ತಾವಾಗಿಯೇ ಬಿಟ್ಟುಕೊಂಡು ಜೋತಾಡುತ್ತಿದ್ದವು. ಪಕ್ಕದ ತುಂಡು ಕಪ್ಪಗಾಗಿತ್ತು, ಆದರೆ ಗಟ್ಟಿಯಾಗಿಯೇ ಇತ್ತು. ಅದರ ಅಂಚಿನಲ್ಲಿ ಪದರಗಳ ನಡುವೆ ಅಂಟಿನ ಕಡುಗಂದು ಗೆರೆಗಳು ಪೆನ್ಸಿಲಿನಿಂದ ಎಳೆದಂತೆ ಎದ್ದು ಕಾಣುತ್ತಿದ್ದವು. ಬಡಿಗೇರರು ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿ ಗುತ್ತಿಗೆದಾರರ ಮುಂದೆ ಹಿಡಿದರು, ಮಾತಾಡಲಿಲ್ಲ.

ಗುತ್ತಿಗೆದಾರರು ಆಗ ನಡೆದದ್ದನ್ನು ಹೇಳಿದರು. ಆ ವಾರ ತಾವು ಸದಾ ಮಾಲು ತರುವ ಅಂಗಡಿಯಲ್ಲಿ 710 ಇರಲಿಲ್ಲ, ಬರಲು ಹದಿನೈದು ದಿನವಾಗುತ್ತಿತ್ತು, ಜಾತ್ರೆಯ ಗಡುವು ತಪ್ಪುತ್ತಿತ್ತು. ಬೇರೆ ಕಂಪನಿಯದಕ್ಕೆ ಒಪ್ಪಿಗೆ ಇತ್ತು, ‘ಸಮಾನ’ ಎಂದೂ ಬರೆದಿತ್ತು, ಒಣ ಊರು, ನಡೆಯುತ್ತದೆ ಎಂದುಕೊಂಡೆ ಎಂದರು. ದರದ ವ್ಯತ್ಯಾಸ ಚದರ ಅಡಿಗೆ ₹45 ಇತ್ತೆಂಬುದನ್ನು ಕೇಳಿದ ಮೇಲೆಯೇ ಹೇಳಿದರು. 14 ಶೀಟು, ಶೀಟಿಗೆ 32 ಚದರ ಅಡಿ, ಒಟ್ಟು ₹20,160. ಅದನ್ನು ಮನೆಯವರಿಗೆ ಹೇಳದೆ ಉಳಿಸಿಕೊಂಡದ್ದಕ್ಕೆ ಗಡುವು ಕಾರಣವಲ್ಲ ಎಂದು ಮಾಸ್ತರರು ಶಾಂತವಾಗಿಯೇ ಹೇಳಿದರು. ಗುತ್ತಿಗೆದಾರರು ತಲೆ ತಗ್ಗಿಸಿದರು. ಆ ದಿನ ಅದಕ್ಕಿಂತ ಹೆಚ್ಚಿನ ತಪ್ಪೊಪ್ಪಿಗೆ ಸಿಗಲಿಲ್ಲ, ಅದಕ್ಕಾಗಿ ಪಟ್ಟು ಹಿಡಿಯುವುದು ಬೇಡವೆಂದು ನಾನೇ ಮಾಸ್ತರರಿಗೆ ಕಣ್ಸನ್ನೆ ಮಾಡಿದೆ.

ಏನನ್ನು ಬದಲಿಸುವುದು, ಏನನ್ನು ಬಿಡುವುದು

ಹದಿನಾಲ್ಕೂ ಶೀಟು ಬದಲಿಸಬೇಕೆಂಬುದು ಮಗನ ಪಟ್ಟು. ನ್ಯಾಯವಾಗಿ ನೋಡಿದರೆ ಅದು ಸರಿಯೇ, ಬರೆದದ್ದನ್ನು ಕೊಡಬೇಕು. ಆದರೆ ಹಾಗೆ ಮಾಡಿದರೆ ಗುತ್ತಿಗೆದಾರರು ಉಳಿದ ₹60,000 ಬಿಟ್ಟೇ ಹೋಗುತ್ತಿದ್ದರು, ಹೊಸದಾಗಿ ಮಾಡಿಸುವ ಖರ್ಚು ಅದಕ್ಕಿಂತ ಬಹಳ ಹೆಚ್ಚಾಗುತ್ತಿತ್ತು, ಉಳಿದದ್ದಕ್ಕೆ ಆಯೋಗದ ಬಾಗಿಲು ತಟ್ಟಬೇಕಾಗುತ್ತಿತ್ತು. ಆದ್ದರಿಂದ ನಾನು ನೀರು ಎಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ಹಿಡಿದು ಅಡುಗೆಮನೆಯನ್ನು ಭಾಗ ಮಾಡಿದೆ. ಕಟ್ಟೆಯ ಕೆಳಗಿನ ಪೆಟ್ಟಿಗೆಗಳಿಗೆಲ್ಲ ನೆಲ ತೊಳೆದ ನೀರು, ಸಿಂಕಿನ ಸೋರಿಕೆ, ರುಬ್ಬುವ ಯಂತ್ರದ ನೀರು ತಾಗಿಯೇ ತಾಗುತ್ತದೆ. ಅಲ್ಲಿ ಹೋದದ್ದು ಆರು ಶೀಟು, ಅವನ್ನು ಬದಲಿಸಲೇಬೇಕು. ಗೋಡೆಯ ಮೇಲಿನ ಪೆಟ್ಟಿಗೆ ಮತ್ತು ಲಾಫ್ಟಿಗೆ ಹೋದದ್ದು ಎಂಟು. ಎಂಆರ್ ದರ್ಜೆ ಇರುವುದೇ ಮನೆಯೊಳಗಿನ ಒಣ ಜಾಗಕ್ಕೆ, ಆದ್ದರಿಂದ ಅವು ಉಳಿಯಬಹುದು, ದರದ ವ್ಯತ್ಯಾಸ ವಾಪಸಾಗಬೇಕು. ಒಣ ಊರು ಎಂಬ ಗುತ್ತಿಗೆದಾರರ ಮಾತಿನಲ್ಲಿ ಅಷ್ಟರ ಮಟ್ಟಿಗೆ ಸತ್ಯವಿತ್ತು. ಸಿಂಕಿನ ಕೆಳಗೆ ಮಾತ್ರ ಊರಿನ ಹವೆ ಲೆಕ್ಕಕ್ಕೆ ಬರುವುದಿಲ್ಲ.

ಎರಡು ದಿನ ಮಾತಾಗಿ ಲೆಕ್ಕ ಹೀಗೆ ನಿಂತಿತು. ಎಂಟು ಶೀಟಿನ ದರ ವ್ಯತ್ಯಾಸ ₹11,520 ಕಡಿತ. ಹೊಸ ಆರು ಶೀಟನ್ನು ಮನೆಯವರೇ ಅಂಗಡಿಯಿಂದ ತಮ್ಮ ಹೆಸರಿನ ಬಿಲ್ಲಿನಲ್ಲಿ ತರುವುದು, ಅದರ ₹24,960 ಕಡಿತ. ಹೊಸ ಸನ್‌ಮೈಕಾ ಮತ್ತು ಅಂಟಿನ ₹9,000ದಲ್ಲಿ ಅರ್ಧ ಮನೆಯವರದು, ಅರ್ಧ ಗುತ್ತಿಗೆದಾರರದು. ಬಡಿಗೇರರ ಆರು ದಿನದ ಕೂಲಿ ₹6,600ನ್ನು ಮನೆಯವರು ನೇರವಾಗಿ ಅವರ ಕೈಗೆ ಕೊಟ್ಟು ಕಡಿತ ಮಾಡಿಕೊಳ್ಳುವುದು. ಗುತ್ತಿಗೆದಾರರಿಗೆ ಕೊನೆಗೆ ಉಳಿದದ್ದು ₹12,420. ಸನ್‌ಮೈಕಾದ ಅರ್ಧವನ್ನು ಮನೆಯವರು ಏಕೆ ಹೊರಬೇಕು ಎಂದು ನನ್ನನ್ನು ಕೆಲವರು ಕೇಳಿದ್ದಾರೆ. ಮದುವೆಮನೆಯಲ್ಲಿ ನಿಂತು ‘ನೋಡಿ ಹಾಕ್ರಿ’ ಎಂದ ಮಾತಿನ ಬೆಲೆ ಅದು ಎಂದು ಮಾಸ್ತರರು ತಾವಾಗಿಯೇ ಒಪ್ಪಿಕೊಂಡರು. ಆ ಒಪ್ಪಿಗೆ ಇಲ್ಲದಿದ್ದರೆ ಉಳಿದ ಮೂರು ಸಾಲುಗಳಿಗೆ ಸಹಿ ಬೀಳುತ್ತಿರಲಿಲ್ಲ.

ಮಾಸ್ತರರ ಪತ್ನಿ ಒಂದು ಷರತ್ತನ್ನು ಸೇರಿಸಿದರು. ಕಿತ್ತ ಹಲಗೆಗಳನ್ನು ಗುತ್ತಿಗೆದಾರರು ಒಯ್ಯಬಹುದು, ಆದರೆ ಇನ್ನೊಬ್ಬರ ಮನೆಯ ಸಿಂಕಿನ ಕೆಳಗೆ ಅವು ಹೋಗಬಾರದು. ಕಿತ್ತ ದಿನ ಅವರೇ ಕೆಂಪು ಪೇಂಟಿನ ಡಬ್ಬಿ ಹಿಡಿದು ಕೂತು ಪ್ರತಿಯೊಂದು ಹಲಗೆಯ ಎರಡೂ ಬದಿಗೆ ‘ನೀರಿಗೆ ಆಗದು’ ಎಂದು ಬರೆದರು. ನನ್ನ ತಲೆಗೆ ಬಾರದೆ ಹೋದ ವಿಚಾರ ಇದು.

ಜಾತ್ರೆ ಬಂದು ಹೋಯಿತು. ಆ ವರ್ಷದ ದಾಸೋಹದ ರೊಟ್ಟಿಗಳನ್ನು ಪಡಸಾಲೆಯಲ್ಲಿಯೇ ಬಡಿದರು. ಫೆಬ್ರವರಿ ಎರಡನೆಯ ವಾರದಲ್ಲಿ ಅಡುಗೆಮನೆ ಮುಗಿಯಿತು.

ಈ ಪ್ರಕರಣ ಕಲಿಸುವುದು

ಇಂಥ ಜಗಳಗಳಲ್ಲಿ ಜನ ಸಾಮಾನ್ಯವಾಗಿ ಗಮನ ಕೊಡುವುದು ಕೊನೆಯ ಹಂತಕ್ಕೆ, ಎಂದರೆ ಯಾರಿಗೆ ದೂರು, ಯಾವ ಕಾಯ್ದೆ, ಎಷ್ಟು ಪರಿಹಾರ ಎಂಬುದಕ್ಕೆ. ಇಲ್ಲಿ ನಿಜವಾಗಿ ತೂಗಿದ್ದು ಅದಕ್ಕಿಂತ ಬಹಳ ಮೊದಲಿನ ಮೂರು ಸಣ್ಣ ಗಳಿಗೆಗಳು.

ಕೊಟೇಶನ್ನಿನ ‘ಅಥವಾ’ ಅವುಗಳಲ್ಲಿ ಒಂದು. ‘ಸಮಾನ’ ಎಂದರೆ ಯಾವುದಕ್ಕೆ ಸಮಾನ, ಯಾರು ತೀರ್ಮಾನಿಸುವವರು ಎಂದು ಬರೆಯದಿದ್ದರೆ ಆ ತೀರ್ಮಾನ ಮಾಲು ತರುವವರ ಕೈಗೆ ಹೋಗುತ್ತದೆ. ಅಂಗಡಿಯಲ್ಲಿ ಮಾಲು ಸಿಗದೆ ಹೋಗುವುದು ಸುಳ್ಳಲ್ಲ, ಬದಲಿಗೆ ಅವಕಾಶ ಬೇಕೇ ಬೇಕು. ಹಾಗಾಗಿ ‘ಐಎಸ್ 710 ಇರುವ ಬೇರೆ ಕಂಪನಿಯದಾದರೆ ನಡೆಯುತ್ತದೆ, ಬದಲಿಸುವ ಮೊದಲು ವಾಟ್ಸ್ಆ್ಯಪಿನಲ್ಲಿ ಬರೆದು ಕೇಳಬೇಕು’ ಎಂದು ಒಂದು ಸಾಲು ಹೆಚ್ಚು ಬರೆದರೆ ಸಾಕು. ಕಂಪನಿ ಬದಲಾಗುವುದು ಬೇರೆ, ದರ್ಜೆ ಬದಲಾಗುವುದು ಬೇರೆ. ಮಾಸ್ತರರು ಮೊದಲನೆಯದಕ್ಕೆ ಹೂಂ ಎಂದರು, ಗುತ್ತಿಗೆದಾರರು ಎರಡನೆಯದನ್ನು ತೆಗೆದುಕೊಂಡರು.

ಮಾಲು ಇಳಿದ ದಿನದ ಬಗ್ಗೆ ಹೇಳಿಯಾಗಿದೆ. ಇದು ಪ್ಲೈಗೆ ಮಾತ್ರ ಸಲ್ಲುವ ಮಾತಲ್ಲ. ಬಿಸಿನೀರಿನ ಲೈನಿಗೆ ಸಿಪಿವಿಸಿ ಹಾಕುವ ಕಡೆ ತಣ್ಣೀರಿನ ಯುಪಿವಿಸಿ ಹಾಕಿ ಗಿಲಾವ್ ಮಾಡಿ ಮುಚ್ಚಿದ್ದನ್ನೂ, ಗೀಸರಿಗೆ 4 ಚದರ ಎಂಎಂ ವೈರು ಬರೆದು 1.5 ಎಳೆದದ್ದನ್ನೂ ನಾನು ಈ ಜಿಲ್ಲೆಯಲ್ಲಿಯೇ ಕಂಡಿದ್ದೇನೆ. ಪೈಪಿನ ಮೇಲೂ ವೈರಿನ ಮೇಲೂ ಅಳತೆ ಮತ್ತು ಮಾನಕ ಸಂಖ್ಯೆ ಅಚ್ಚಾಗಿರುತ್ತವೆ. ಗೋಡೆ ಮುಚ್ಚುವ ಮೊದಲು, ಸನ್‌ಮೈಕಾ ಅಂಟಿಸುವ ಮೊದಲು ಅವನ್ನು ಓದಿ ಫೋಟೊ ತೆಗೆಯುವುದಕ್ಕೆ ಹತ್ತು ನಿಮಿಷ ಬೇಕು.

ಬಡಿಗೇರರ ಮೌನವನ್ನು ನಾನು ಮೂರನೆಯದೆಂದು ಎಣಿಸುತ್ತೇನೆ, ನನಗೆ ಹೆಚ್ಚು ಕಾಡುವುದೂ ಇದೇ. ಇಡೀ ಮನೆಯಲ್ಲಿ ಮಾಲು ಯಾವುದೆಂದು ಮೊದಲ ದಿನದಿಂದಲೂ ಗೊತ್ತಿದ್ದವರು ಅವರೊಬ್ಬರೇ. ಅವರು ದಿನಾ ಆ ಮನೆಯಲ್ಲಿ ಉಂಡಿದ್ದಾರೆ, ಅಮ್ಮಾ ಎಂದು ಕರೆದಿದ್ದಾರೆ. ಯಾರಾದರೂ ಒಮ್ಮೆ, ‘ಈ ಮಾಲು ನಿಮ್ಮ ಮನಿಗೆ ಆಗಿದ್ರ ಹಾಕ್ತಿದ್ರೇನಪಾ?’ ಎಂದು ಕೇಳಿದ್ದರೆ ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಆದರೆ ಎಲ್ಲರೂ ಗುತ್ತಿಗೆದಾರರನ್ನೇ ಕೇಳಿದರು, ಕೈಯಿಂದ ಕೆಲಸ ಮಾಡುವವರನ್ನು ಯಾರೂ ಕೇಳಲಿಲ್ಲ. ಎರಡನೆಯ ಸಲ ಪ್ಲೈ ತಂದಾಗ ಮಾಸ್ತರರು ಅಂಗಡಿಗೆ ಅವರನ್ನೇ ಕರೆದುಕೊಂಡು ಹೋದರು.

ಎಂಟು ತಿಂಗಳ ನಂತರ

ಅಕ್ಟೋಬರಿನಲ್ಲಿ ಆ ಮನೆಗೆ ಮತ್ತೆ ಹೋಗಿದ್ದೆ. ನಡುವೆ ಒಮ್ಮೆ ಸಿಂಕಿನ ಕೆಳಗಿನ ಪೈಪು ಸಡಿಲವಾಗಿ ರಾತ್ರಿಯಿಡೀ ನೀರು ಸೋರಿತ್ತಂತೆ. ಒರೆಸಿದ ಮೇಲೆ ಹಲಗೆಗೆ ಏನೂ ಆಗಿರಲಿಲ್ಲ, ಅಂಚನ್ನು ಉಗುರಿನಿಂದ ಒತ್ತಿ ನೋಡಿದೆ, ಗಟ್ಟಿಯಾಗಿತ್ತು.

ಆದರೆ ಗೋಡೆಯ ಮೇಲಿನ ಪೆಟ್ಟಿಗೆಗಳಲ್ಲಿ ಬಚ್ಚಲಿನ ಗೋಡೆಗೆ ತಾಗಿದ ಒಂದರ ಕೆಳಗಿನ ಮೂಲೆ ಉಬ್ಬಿ, ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹಳೆಯ ಕಲ್ಲಿನ ಗೋಡೆ, ಆಚೆ ಬದಿಗೆ ಹಂಡೆ. ಗೋಡೆಯ ಮೇಲೆ ಕೈಯಿಟ್ಟರೆ ತಣ್ಣಗಿತ್ತು, ಸುಣ್ಣ ಬಿಟ್ಟ ಕಡೆ ಸವಳು ಕಾಣುತ್ತಿತ್ತು. ಜನವರಿಯಲ್ಲಿ ಎಂಟು ಶೀಟು ಒಣ ಜಾಗದವು ಎಂದು ಹೇಳಿದವನು ನಾನು. ಆ ದಿನ ನಾನು ನೀರು ಮೇಲಿಂದ ಮತ್ತು ನೆಲದಿಂದ ಬರುವುದನ್ನಷ್ಟೇ ಎಣಿಸಿದ್ದೆ, ಗೋಡೆಯೊಳಗಿಂದ ಬರುವುದನ್ನು ನೋಡಿರಲಿಲ್ಲ. ಅದನ್ನು ಮಾಸ್ತರರಿಗೆ ಹಾಗೆಯೇ ಹೇಳಿದೆ. ಆ ಪೆಟ್ಟಿಗೆಯ ಖರ್ಚನ್ನು ನಾನು ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ.

ಮೊದಲು ಬಚ್ಚಲಿನ ಕಡೆಯಿಂದ ಗೋಡೆಯ ತೇವ ನಿಲ್ಲಿಸಿ, ಅದು ಒಣಗಿದ ಮೇಲೆ ಪೆಟ್ಟಿಗೆ ಬದಲಿಸುವುದೆಂದು ತೀರ್ಮಾನವಾಗಿದೆ. ಗೌಂಡಿಯವರು ಹಳೆಯ ಗಿಲಾವ್ ಕೆತ್ತಿ ಹಾಕಿದ್ದಾರೆ. ಬೇಕಾದ ಒಂದು ಶೀಟನ್ನು ಬಡಿಗೇರರು ತಂದಾಗ ಮಾಸ್ತರರ ಪತ್ನಿ ಅದನ್ನು ಒಳಗೆ ಬಿಡಲಿಲ್ಲ. ಅಂಗಳದಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಕನ್ನಡಕ ತರಿಸಿಕೊಂಡು, ಗುರುತಿನ ಮೇಲಿನ ಸಂಖ್ಯೆಯನ್ನು ಒಂದೊಂದೇ ಅಂಕೆಯಾಗಿ ಜೋರಾಗಿ ಓದಿದರು. ಬಡಿಗೇರರು ಪಕ್ಕದಲ್ಲಿ ನಿಂತು ಪ್ರತಿ ಅಂಕೆಗೂ ‘ಹೌದ್ರಿ’ ಎಂದರು.